ಭುಜದ ಉಳುಕು

ಬಾವಿಯಿಂದ ನೀರು ಸೇದುವಾಗ, ಚೆಂಡನ್ನು ಬೀಸಿ ಎಸೆಯುವಾಗ, ಅಟ್ಟದ ಮೇಲಿನ ಪಾತ್ರೆಯನ್ನು ಇಳಿಸುವಾಗ ತೋಳು ಎಷ್ಟು ದಿಕ್ಕುಗಳಿಗೆ ತಿರುಗುತ್ತದೆಂಬುದನ್ನು ಯಾರೂ ಗಮನಿಸುವುದಿಲ್ಲ. ಮೊಣಕಾಲು ಬಹುಮಟ್ಟಿಗೆ ಬಾಗಿಲಿನಂತೆ ಹಿಂದಕ್ಕೂ ಮುಂದಕ್ಕೂ ಮಾತ್ರ ಚಲಿಸುತ್ತದೆ. ಭುಜವಾದರೋ ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಕಡೆಗೂ ಹೊರಳಬಲ್ಲದು. ದೇಹದ ಕೀಲುಗಳಲ್ಲಿ ಇಷ್ಟು ಸ್ವಾತಂತ್ರ್ಯ ಪಡೆದುದು ಮತ್ತೊಂದಿಲ್ಲ. ಆದರೆ ಈ ಸ್ವಾತಂತ್ರ್ಯಕ್ಕೆ ಅದು ಬೆಲೆಯನ್ನೂ ತೆರಬೇಕಾಗಿದೆ.

ತೋಳಿನ ಎಲುಬು, ಬೆನ್ನಿನ ಮೇಲ್ಭಾಗದ ಹೆಗಲೆಲುಬು, ಎದೆಯ ಮೇಲ್ಗಡೆ ಅಡ್ಡಲಾಗಿರುವ ಕೊರಳೆಲುಬು, ಈ ಮೂರೂ ಕೂಡುವ ಸ್ಥಳವೇ ಭುಜ. ತೋಳಿನ ಎಲುಬಿನ ತುದಿಯು ಚೆಂಡಿನಂತೆ ದುಂಡಗಿದ್ದು, ಹೆಗಲೆಲುಬಿನ ತಗ್ಗಿನಲ್ಲಿ ಕುಳಿತಿರುತ್ತದೆ. ಆ ತಗ್ಗು ಆಳವಾದುದಲ್ಲ; ಬಟ್ಟಲಿಗಿಂತ ತಟ್ಟೆಯನ್ನೇ ಹೆಚ್ಚು ಹೋಲುತ್ತದೆ. ಆದ್ದರಿಂದ ಚೆಂಡನ್ನು ಅದರ ನೆಲೆಯಲ್ಲಿ ಹಿಡಿದಿಡುವ ಹೊಣೆ ಸುತ್ತಲಿನ ಸ್ನಾಯುಗಳಿಗೂ, ಎಲುಬಿನಿಂದ ಎಲುಬಿಗೆ ಬಿಗಿದಿರುವ ಗಟ್ಟಿಯಾದ ನಾರಿನ ಪಟ್ಟಿಗಳಿಗೂ ಸೇರಿದೆ. ಈ ಪಟ್ಟಿಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಅವು ಮಿತಿಮೀರಿ ಜಗ್ಗಿದಾಗ ಅಥವಾ ಹರಿದಾಗ ಉಂಟಾಗುವುದೇ ಉಳುಕು.

ಕಬಡ್ಡಿಯಲ್ಲಿ ಎದುರಾಳಿಗಳ ಹಿಡಿತಕ್ಕೆ ಸಿಕ್ಕಿ ಮಗ್ಗುಲಿಗೆ ಉರುಳಿದಾಗಲೂ, ಸೈಕಲ್ಲಿನಿಂದ ಬಿದ್ದಾಗಲೂ ಭುಜದ ತುದಿ ನೆಲಕ್ಕೆ ಬಡಿಯುವುದುಂಟು. ಆಗ ಕೊರಳೆಲುಬೂ ಹೆಗಲೆಲುಬೂ ಕೂಡುವ ಚಿಕ್ಕ ಕೀಲಿಗೆ ಪೆಟ್ಟಾಗುತ್ತದೆ. ವೈದ್ಯರು ಉಳುಕನ್ನು 3 ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದರಲ್ಲಿ ರಜ್ಜು ಜಗ್ಗಿರುತ್ತದೆ. ಎರಡನೆಯದರಲ್ಲಿ ಭಾಗಶಃ ಹರಿದಿರುತ್ತದೆ. ಮೂರನೆಯದರಲ್ಲಿ ಪೂರ್ಣವಾಗಿ ಹರಿದುಹೋಗಿರುತ್ತದೆ.

ಬಿದ್ದ ಪೆಟ್ಟಿಗಿಂತ ಕೆಲವೊಮ್ಮೆ ನೆರವಿಗೆ ಬಂದ ಕೈಗಳಿಂದಲೇ ಹೆಚ್ಚು ಹಾನಿಯಾಗುತ್ತದೆ. ಒಬ್ಬನು ತೋಳನ್ನು ಹಿಡಿದು ಎಳೆಯುತ್ತಾನೆ. ಇನ್ನೊಬ್ಬನು ಎಣ್ಣೆ ಹಚ್ಚಿ ಬಲವಾಗಿ ನೀವುತ್ತಾನೆ. ಉಳುಕಿದರೂ, ಕೀಲು ತಪ್ಪಿದರೂ, ಎಲುಬು ಮುರಿದರೂ ನೋವು, ಬಾವು ಇದ್ದೇ ಇರುತ್ತವೆ. ಹೊರನೋಟದಿಂದ ಅವನ್ನು ಬೇರ್ಪಡಿಸುವುದು ಸುಲಭವಲ್ಲ. ಕ್ರಿ.ಶ. 2ನೆಯ ಶತಮಾನದ ಪ್ರಸಿದ್ಧ ವೈದ್ಯ ಗ್ಯಾಲನ್ ಕುಸ್ತಿಯ ಅಖಾಡದಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡನು. ತೋಳಿನ ಎಲುಬು ಕಂಕುಳಿಗೆ ಜಾರಿದೆಯೆಂದು ಬಗೆದು ಅಲ್ಲಿದ್ದವರು ಅದನ್ನು ಸರಿಪಡಿಸಲು ಎಳೆಯತೊಡಗಿದರು. ಗ್ಯಾಲನ್ ತಾನೇ ಕಂಕುಳನ್ನು ಮುಟ್ಟಿ ನೋಡಿದನು. ಎಲುಬಿನ ತಲೆ ಅಲ್ಲಿರಲಿಲ್ಲ. ಕೆಟ್ಟಿದ್ದುದು ಕೊರಳೆಲುಬಿನ ಕೀಲು! ಅವನಿಗಿದ್ದ ಅರಿವು ಎಲ್ಲರಿಗೂ ಇರುವುದಿಲ್ಲ. ಕೀಲು ತಪ್ಪಿದ ತೋಳನ್ನು ಅರಿಯದವರು ಎಳೆದರೆ ನರಗಳಿಗೂ ರಕ್ತನಾಳಗಳಿಗೂ ಅಪಾಯ ಒದಗಬಹುದು.

ಹಾಗಾದರೆ ಮಾಡಬೇಕಾದುದೇನು? ತೋಳನ್ನು ಎಳೆಯದೆ, ಇರುವ ಸ್ಥಿತಿಯಲ್ಲಿಯೇ ತ್ರಿಕೋನಾಕಾರದ ಬಟ್ಟೆಯ ಜೋಲಿಯಿಂದ ಆಧಾರ ನೀಡಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಬೇಕು. ಮೊದಲ 2 ದಿನಗಳಲ್ಲಿ ಕೆಲವು ಗಂಟೆಗಳಿಗೊಮ್ಮೆ ಹೀಗೆ ಮಾಡಬಹುದು. ಆ ದಿನಗಳಲ್ಲಿ ಬಿಸಿ ಶಾಖವೂ ನೀವುವಿಕೆಯೂ ಸಲ್ಲವು; ಅವು ಬಾವನ್ನು ಹೆಚ್ಚಿಸುತ್ತವೆ. ಭುಜದ ಆಕಾರ ಕೆಟ್ಟಿದ್ದರೆ, ತೋಳನ್ನು ಎತ್ತಲಾಗದಿದ್ದರೆ, ಬೆರಳುಗಳು ಜೋಮು ಹಿಡಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಎಕ್ಸ್-ರೇ ಚಿತ್ರದಿಂದ ಎಲುಬು ಮುರಿದಿದೆಯೇ, ಸ್ಥಾನ ತಪ್ಪಿದೆಯೇ ಎಂಬುದು ತಿಳಿಯುತ್ತದೆ. ಹೆಚ್ಚಿನ ಉಳುಕುಗಳು ಶಸ್ತ್ರಚಿಕಿತ್ಸೆಯಿಲ್ಲದೆಯೇ ವಾಸಿಯಾಗುತ್ತವೆ.

ಲಘುವಾದ ಉಳುಕು ಕೆಲವೇ ವಾರಗಳಲ್ಲಿ ಗುಣವಾದರೆ, ತೀವ್ರವಾದುದಕ್ಕೆ ತಿಂಗಳುಗಳೇ ಬೇಕಾಗುತ್ತವೆ. ವಿಶ್ರಾಂತಿಯೂ ಮಿತಿಮೀರಬಾರದು, ಬಹುಕಾಲ ಅಲುಗದ ಭುಜ ಬಿಗಿದುಕೊಳ್ಳುತ್ತದೆ. ನೋವು ತಗ್ಗಿದ ಮೇಲೆ ವೈದ್ಯರ ಸಲಹೆಯಂತೆ ಮುಂದಕ್ಕೆ ಬಾಗಿ ತೋಳನ್ನು ಗಡಿಯಾರದ ಲೋಲಕದಂತೆ ಮೆಲ್ಲನೆ ತೂಗಾಡಿಸಬೇಕು. ನೋವಿಲ್ಲದೆ ತೋಳು ಎಲ್ಲ ಕಡೆಗೂ ತಿರುಗಿ, ಇನ್ನೊಂದು ತೋಳಿನಷ್ಟೇ ಬಲ ಪಡೆದ ಬಳಿಕವೇ ಆಟಕ್ಕಿಳಿಯಬೇಕು.

ಗೆಳೆಯನು ಬಿದ್ದಾಗ ಓಡಿಹೋಗಿ ನೆರವಾಗುವುದು ಒಳ್ಳೆಯ ಗುಣ. ಆದರೆ ಏನು ಮಾಡಬೇಕೆಂಬುದರ ಜೊತೆಗೆ ಏನು ಮಾಡಬಾರದೆಂಬುದನ್ನೂ ಅರಿತಾಗಲೇ ಆ ನೆರವು ಸಾರ್ಥಕವಾಗುತ್ತದೆ.