ಬನ್ನಿಯೊಳಗಿನ ಬೆಂಕಿ

ಮಾನಮಿಯ ಮರುದಿನ ಇಳಿಹೊತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಜನ ಹೊಸ ಬಟ್ಟೆಯುಟ್ಟು ಊರ ಹೊರಗಿನ ಒಂದು ಮುಳ್ಳಿನ ಮರದತ್ತ ನಡೆಯುತ್ತಾರೆ. ದೇವರ ಪಲ್ಲಕ್ಕಿ ಮುಂದೆ, ಡೊಳ್ಳು ಹಿಂದೆ. ಮರಕ್ಕೆ ಪೂಜೆಯಾದದ್ದೇ ತಡ, ಟೊಂಗೆಗಳು ಲಟಲಟನೆ ಮುರಿಯುತ್ತವೆ. ಹಿಡಿ ಸೊಪ್ಪು ಹಿಡಿದು ಕಿರಿಯರು ಹಿರಿಯರ ಕೈಗಿಟ್ಟು ಕಾಲಿಗೆ ಎರಗುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ’ ಎಂಬ ಮಾತು ರಾತ್ರಿಯವರೆಗೂ ಓಣಿ ಓಣಿಯಲ್ಲಿ ಕೇಳುತ್ತದೆ. ವರ್ಷವಿಡೀ ಮಾತು ಬಿಟ್ಟಿದ್ದ ದಾಯಾದಿಗಳೂ ಅಂದು ಎದುರಾದರೆ ಸೊಪ್ಪು ಕೊಡದೆ ಹೋಗುವಂತಿಲ್ಲ.

ಮುಳ್ಳಿನ ಮರದ ಎಲೆ ಬಂಗಾರವಾದದ್ದು ಹೇಗೆ? ಅದಕ್ಕೆ ‘ಬನ್ನಿ’ ಎಂಬ ಹೆಸರು ಬಂದದ್ದಾದರೂ ಎಲ್ಲಿಂದ?

ಹಬ್ಬದ ಶುಭಾಶಯ ಪತ್ರಗಳಲ್ಲಿ, ಭಾಷಣಗಳಲ್ಲಿ ಒಂದು ವಿವರಣೆ ಮತ್ತೆ ಮತ್ತೆ ಬರುತ್ತದೆ. ಬನ್ನಿ ಎಂದರೆ ‘ಬರುವುದಾಗಲಿ’ ಎಂಬ ಕರೆ, ಸ್ನೇಹಕ್ಕೆ ಆಹ್ವಾನ ಎಂದು. ಕೇಳಲು ಇಂಪಾಗಿದೆ. ಆದರೆ ಈ ಸೀಮೆಯಲ್ಲಿ ಮನೆಗೆ ಬಂದವರನ್ನು ಯಾರೂ ‘ಬನ್ನಿ’ ಎಂದು ಕರೆಯುವುದಿಲ್ಲ, ‘ಬರ್ರಿ’ ಎನ್ನುತ್ತಾರೆ. ಶಬ್ದಶ್ಲೇಷ ಮೈಸೂರು ಸೀಮೆಯ ಮಾತಿಗೆ ಒಗ್ಗುವುದೇ ಹೊರತು, ಬನ್ನಿಯ ಹಬ್ಬ ಇಷ್ಟು ಗಾಢವಾಗಿ ಬೇರೂರಿರುವ ಉತ್ತರದ ಹಳ್ಳಿಗಳಿಗೆ ಒಗ್ಗುವುದಿಲ್ಲ. ಪದದ ಮೂಲವನ್ನು ಬೇರೆ ಕಡೆ ಹುಡುಕಬೇಕು.

ಸಂಸ್ಕೃತದ ‘ವ’ಕಾರ ಕನ್ನಡದ ನಾಲಿಗೆಯಲ್ಲಿ ‘ಬ’ಕಾರವಾಗುವುದು ಹಳೆಯ ರೂಢಿ. ವನ ಬನವಾಯಿತು, ವಸತಿ ಬಸದಿಯಾಯಿತು, ವರ್ಣ ಬಣ್ಣವಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಅದೇ ಜಾಡಿನಲ್ಲಿ ‘ವಹ್ನಿ’ಯ ಮೊದಲಕ್ಷರ ಬದಲಾಗಿ, ನಡುವಿನ ಹಕಾರ ಸವೆದು ‘ಬನ್ನಿ’ಯಾಗಿದೆ. ವಹ್ನಿ ಎಂದರೆ ಬೆಂಕಿ. ತಮಿಳಿನಲ್ಲಿ ಇದೇ ಮರಕ್ಕೆ ‘ವನ್ನಿ’ ಎನ್ನುತ್ತಾರೆ. ಅಲ್ಲಿ ಆ ಪದಕ್ಕೆ ಬೆಂಕಿ ಎಂಬ ಅರ್ಥವೂ ಉಳಿದಿದೆ. ತೆಲುಗರು ಮಾತ್ರ ‘ಶಮೀ’ ಎಂಬ ಇನ್ನೊಂದು ಸಂಸ್ಕೃತ ಹೆಸರನ್ನು ಹಿಡಿದು ‘ಜಮ್ಮಿ’ ಎಂದರು. ಹೀಗಿದ್ದೂ ಕರ್ನೂಲು ಜಿಲ್ಲೆಯ ದೇವರಗಟ್ಟದಲ್ಲಿ ವಿಜಯದಶಮಿಯ ರಾತ್ರಿ ಮಾಳಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರಿನವರು ಬಡಿಗೆ ಹಿಡಿದು ಸೆಣಸುವ ಜಾತ್ರೆಗೆ ‘ಬನ್ನಿ ಉತ್ಸವ’ ಎಂದೇ ಹೆಸರು. ತೆಲುಗು ನಾಡಿನ ಅಂಚಿನಲ್ಲಿ ಮರ ಜಮ್ಮಿ, ಹಬ್ಬ ಬನ್ನಿ! ರಾಜ್ಯಗಳ ಗಡಿ ಎಳೆದವರಿಗಿಂತ ಪದಗಳು ಹೆಚ್ಚು ದೂರ ನಡೆದಿರುತ್ತವೆ.

ಬೆಂಕಿಯ ಹೆಸರು ಮರಕ್ಕೆ ಅಂಟಿದ್ದಕ್ಕೆ ಕಾರಣವಿದೆ. ಯಜ್ಞಕ್ಕೆ ಬೆಂಕಿ ಹುಟ್ಟಿಸಲು ವೈದಿಕರು ಕಡೆಯುತ್ತಿದ್ದ ಅರಣಿಗೆ ಶ್ರೇಷ್ಠವೆನಿಸಿದ್ದು ಶಮಿಯ ಮೇಲೆ ಬೆಳೆದ ಅಶ್ವತ್ಥದ ಕಟ್ಟಿಗೆ. ಅಶ್ವತ್ಥಕ್ಕೆ ಆ ಗುಣ ಬಂದದ್ದು ಶಮಿಯ ಒಡಲಲ್ಲಿರುವ ಬೆಂಕಿಯಿಂದ ಎಂಬ ನಂಬಿಕೆ. ಶಾಪಕ್ಕೆ ಹೆದರಿದ ಅಗ್ನಿ ಶಮಿಯೊಳಗೆ ಅಡಗಿ ಕುಳಿತ ಕಥೆ ಮಹಾಭಾರತದಲ್ಲಿದೆ. ಕಾಳಿದಾಸನಂತೂ ಬಸುರಿಯಾದ ಶಕುಂತಲೆಯನ್ನು ಒಳಗೆ ಬೆಂಕಿ ಹೊತ್ತ ಶಮಿಗೆ ಹೋಲಿಸುತ್ತಾನೆ.

ಅಗ್ನಿ ಅಡಗಿದ ಮರದಲ್ಲೇ ಪಾಂಡವರೂ ಆಯುಧ ಅಡಗಿಸಿದರು. ವಿರಾಟನಗರದ ಹೊರಗೆ, ಸ್ಮಶಾನದ ಬಳಿಯ ಶಮಿಯಲ್ಲಿ ಗಾಂಡೀವವೇ ಮೊದಲಾದವನ್ನು ಕಟ್ಟಿ, ಯಾರೂ ಹತ್ತಿರ ಸುಳಿಯದಿರಲೆಂದು ಜೊತೆಗೊಂದು ಹೆಣವನ್ನೂ ಬಿಗಿದರು. ಕೇಳಿದ ದನಗಾಹಿಗಳಿಗೆ, ಇದು ನಮ್ಮ ನೂರೆಂಬತ್ತು ವರ್ಷದ ತಾಯಿ, ಹೀಗೆ ಮರಕ್ಕೆ ಕಟ್ಟುವುದು ನಮ್ಮ ಕುಲಾಚಾರ ಎಂದುಬಿಟ್ಟರಂತೆ. ವರ್ಷ ತುಂಬಿದ ಮೇಲೆ ಅರ್ಜುನ ಉತ್ತರಕುಮಾರನನ್ನು ಮರ ಹತ್ತಿಸಿ ಆಯುಧ ಇಳಿಸಿದ. ಪಕ್ಕದ ಗದಗಿನಲ್ಲಿ ಕುಮಾರವ್ಯಾಸ ಕನ್ನಡಿಸಿದ ವಿರಾಟಪರ್ವವನ್ನು ಮಳೆ ಬಾರದಿದ್ದಾಗ ಗುಡಿಯಲ್ಲಿ ಓದಿಸುವುದು ಬಯಲುಸೀಮೆಯ ವಾಡಿಕೆ. ಹೀಗಾಗಿ ಅಕ್ಷರ ಬಾರದವರಿಗೂ ಬನ್ನಿಮರದ ಪ್ರಸಂಗ ಬಾಯಿಪಾಠ.

ಇನ್ನು ಬಂಗಾರದ ಮಾತು. ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನು ಬೇಡಲು ಬಂದ ಕೌತ್ಸನಿಗೆ ಕೊಡಲು ರಘುಮಹಾರಾಜನ ಬಳಿ ಏನೂ ಉಳಿದಿರಲಿಲ್ಲ. ಅವನು ಕುಬೇರನ ಮೇಲೆ ದಂಡೆತ್ತಲು ಸಿದ್ಧನಾದ. ಬೆಳಗಾಗುವುದರೊಳಗೆ ಕುಬೇರ ಹೊನ್ನಿನ ಮಳೆ ಸುರಿಸಿದ. ಆ ಮಳೆ ಬಿದ್ದದ್ದು ಬನ್ನಿಯ ಮೇಲೆ, ಆದ್ದರಿಂದ ಅದರ ಎಲೆ ಬಂಗಾರ ಎನ್ನುತ್ತದೆ ಜನರ ಕಥೆ. ಕಾಳಿದಾಸನ ‘ರಘುವಂಶ’ದ ಐದನೆಯ ಸರ್ಗವನ್ನು ತೆರೆದು ನೋಡಿದರೆ ಹೊನ್ನು ಬೀಳುವುದು ರಾಜನ ಬೊಕ್ಕಸದೊಳಗೆ, ಅಲ್ಲಿ ಮರದ ಸುದ್ದಿಯೇ ಇಲ್ಲ. ಮಹಾರಾಷ್ಟ್ರದವರು ಇದೇ ಕಥೆ ಹೇಳಿ ‘ಆಪಟಾ’ ಎಂಬ ಬೇರೆಯೇ ಮರದ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಅಂದರೆ ಬೊಕ್ಕಸದ ಹೊನ್ನನ್ನು ಊರ ಹೊರಗಿನ ಮರಕ್ಕೆ ತಂದು, ಯಾರು ಬೇಕಾದರೂ ಬಾಚಿಕೊಳ್ಳುವಂತೆ ಮಾಡಿದ್ದು ಜನರೇ. ಅರಸನ ದಾನಕ್ಕಿಂತ ಇದು ದೊಡ್ಡ ದಾನ.

ಇದೆಲ್ಲ ಶರದೃತುವಿನಲ್ಲೇ ಏಕೆ ನಡೆಯಬೇಕು? ಉತ್ತರ ಗಂಗಾವತಿ ತಾಲ್ಲೂಕಿನಲ್ಲಿಯೇ ಇದೆ. ರಾಮಾಯಣದ ಕಿಷ್ಕಿಂಧೆಯೆಂದು ಜನ ನಂಬುವುದು ಆನೆಗೊಂದಿಯ ಸುತ್ತಣ ಗುಡ್ಡಗಳನ್ನು. ಮಳೆಗಾಲವಿಡೀ ಕಾದು ಕುಳಿತ ರಾಮ, ಶರತ್ಕಾಲ ಬಂದರೂ ಸುಗ್ರೀವ ಏಳಲಿಲ್ಲವೆಂದು ಸಿಟ್ಟಾಗುವುದು ಇಲ್ಲಿಯೇ. ಹೊಳೆ ಇಳಿದು, ಕೆಸರು ಆರಿ, ದಾರಿ ತೆರೆಯುವ ಕಾಲವದು. ಅರಸರು ದಂಡೆತ್ತಿ ಹೊರಡುವ ಕಾಲ. ದಶಮಿಯ ದಿನ ಊರ ಗಡಿ ದಾಟುವ ‘ಸೀಮೋಲ್ಲಂಘನ’ದ ಹಿಂದಿರುವುದು ಈ ಲೆಕ್ಕವೇ.

ಆನೆಗೊಂದಿಯಿಂದ ಹೊಳೆಯಾಚೆಗಿನ ಹಂಪಿಯಲ್ಲಿ ವಿಜಯನಗರದ ಅರಸರು ನಡೆಸುತ್ತಿದ್ದ ಮಹಾನವಮಿಯನ್ನು 1443ರಲ್ಲಿ ಬಂದ ಪರ್ಷಿಯಾದ ಅಬ್ದುರ್ ರಜಾಕ್ ಕಂಡು ಬೆರಗಾದ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಕೊನೆಯ ದಿನ 250 ಕೋಣ, 4,500 ಕುರಿ ಬಲಿಯಾದವೆಂದೂ ಹಬ್ಬ ಮುಗಿದ ಮೇಲೆ ರಾಯ ಸೇನೆಯ ತಪಾಸಣೆ ಮಾಡಿದನೆಂದೂ ಬರೆದಿದ್ದಾನೆ. ಸುಗ್ಗಿಯ ಹೊಸ್ತಿಲಲ್ಲಿ ನೆತ್ತರು ಚೆಲ್ಲುವುದು ಒಂದು ನಾಡಿನ ಪದ್ಧತಿಯಲ್ಲ. ಡಚ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೆ ‘ಸ್ಲಾಖ್ಟ್‌ಮಾಂಡ್’ ಎಂಬ ಹಳೆಯ ಹೆಸರಿದೆ. ಕಡಿಯುವ ತಿಂಗಳು ಎಂದು ಅರ್ಥ. ಚಳಿಗಾಲಕ್ಕೆ ಮೇವು ಸಾಲದೆಂದು ಕೊಬ್ಬಿದ ದನ, ಹಂದಿಗಳನ್ನು ಆ ತಿಂಗಳು ಕಡಿದು ಉಪ್ಪು ಹಚ್ಚಿಡುತ್ತಿದ್ದರು. ಹಳೆಯ ಇಂಗ್ಲಿಷರು ಅದೇ ತಿಂಗಳನ್ನು ನೆತ್ತರ ತಿಂಗಳು ಎನ್ನುತ್ತಿದ್ದರೆಂದೂ ಕಡಿಯುವ ದನಗಳನ್ನು ದೇವರಿಗೆ ಅರ್ಪಿಸುತ್ತಿದ್ದರೆಂದೂ ಎಂಟನೆಯ ಶತಮಾನದ ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಅಲ್ಲಿ ಪದ್ಧತಿ ಅಳಿದು ಪದವಷ್ಟೇ ನಿಘಂಟಿನಲ್ಲಿ ಉಳಿಯಿತು.

ಇಲ್ಲಿ ಹಾಗಾಗಲಿಲ್ಲ. 1565ರಲ್ಲಿ ಹಂಪಿ ಹಾಳಾಯಿತು. ದರ್ಬಾರಿನ ವೈಭವ 1610ರಲ್ಲಿ ರಾಜ ಒಡೆಯರ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಮುಂದೆ ಮೈಸೂರಿಗೆ ಹೋಯಿತು; ಅಲ್ಲಿಯ ಜಂಬೂ ಸವಾರಿ ಇಂದಿಗೂ ಮುಟ್ಟುವುದು ಬನ್ನಿಮಂಟಪಕ್ಕೇ. ಕೊಪ್ಪಳ ಸೀಮೆ ನಿಜಾಮರ ಆಳ್ವಿಕೆಗೆ ಸೇರಿ, ರಾಯಚೂರು ಜಿಲ್ಲೆಯಲ್ಲಿದ್ದು, 1997ರಲ್ಲಿ ತಾನೇ ಜಿಲ್ಲೆಯಾಯಿತು. ಅರಸು ಹೋದರೂ ಅರಸರ ಹಬ್ಬ ರೈತನ ಕೈಯಲ್ಲಿ ಉಳಿಯಿತು. ಗಂಗಾವತಿಯ ಬಳಿಯ ಹೇಮಗುಡ್ಡದಲ್ಲಿ ದುರ್ಗೆಗೆ ಆನೆಯ ಮೇಲೆ ಅಂಬಾರಿಯ ಮೆರವಣಿಗೆ ನಡೆಯುವುದುಂಟು. ಆದರೆ ಹೆಚ್ಚಿನ ಊರುಗಳಲ್ಲಿ ಹಬ್ಬ ಇಷ್ಟು ದೊಡ್ಡದಲ್ಲ. ಒಂಬತ್ತು ರಾತ್ರಿ ಗುಡಿಯಲ್ಲಿ ಚಿದಾನಂದಾವಧೂತರ ದೇವೀಪುರಾಣ ಓದಿಸುತ್ತಾರೆ. ಒಂಬತ್ತು ನಸುಕಿನಲ್ಲಿ ಹೆಣ್ಣುಮಕ್ಕಳು ಮಡಿಯುಟ್ಟು, ಆರತಿ ಹಿಡಿದು ಬನ್ನಿಮರ ಸುತ್ತುತ್ತಾರೆ. ಅವರಿಗೆ ಮರವೇ ಬನ್ನಿ ಮಹಾಂಕಾಳಿ. ಗಂಡಸರು ಹತ್ತನೆಯ ದಿನ ಮಾತ್ರ ಬರುತ್ತಾರೆ, ಮುರಿಯುವುದಕ್ಕೆ.

ಇಲ್ಲಿ ಎರಡು ಕ್ರಿಯಾಪದಗಳನ್ನು ಗಮನಿಸಬೇಕು. ‘ಬನ್ನಿ ಮುಡಿಯುವುದು’ ಎಂಬ ಮಾತೂ ಇದೆ, ‘ಬನ್ನಿ ಮುರಿಯುವುದು’ ಎಂಬ ಮಾತೂ ಇದೆ. ರುಮಾಲಿಗೆ, ತುರುಬಿಗೆ ನಾಲ್ಕು ಎಲೆ ಸಿಕ್ಕಿಸಿಕೊಂಡರೆ ಮುಡಿದಂತಾಯಿತು. ಅದಕ್ಕೆ ಟೊಂಗೆಯೇ ಬೇಕಿಲ್ಲ. ಊರಿನಲ್ಲಿ ಜನ ಕಡಿಮೆ, ಬದುವಿನಲ್ಲಿ ಬನ್ನಿ ಹೆಚ್ಚು ಇದ್ದಾಗ ಮುರಿದರೂ ನಡೆಯುತ್ತಿತ್ತು. ಮುಂದಿನ ವರ್ಷಕ್ಕೆ ಮರ ಮತ್ತೆ ಚಿಗುರುತ್ತಿತ್ತು.

ಸಸ್ಯಶಾಸ್ತ್ರಜ್ಞರು ಈ ಮರವನ್ನು ಪ್ರೊಸೊಪಿಸ್ ಸಿನೆರೇರಿಯಾ ಎನ್ನುತ್ತಾರೆ. ಸಿನೆರೇರಿಯಾ ಎಂದರೆ ಬೂದಿಯದು. ಕನ್ನಡದ ಹೆಸರಿನಲ್ಲಿ ಬೆಂಕಿ, ಲ್ಯಾಟಿನ್ ಹೆಸರಿನಲ್ಲಿ ಬೂದಿ! ಬೂದುಹಸಿರಿನ ಆ ಸಣ್ಣ ಎಲೆಗಳ ಮರ ನೆಲದೊಳಗೆ ಬಹಳ ಆಳಕ್ಕೆ ಬೇರಿಳಿಸುತ್ತದೆ. ಮೇಲಿನ ತೇವಕ್ಕಾಗಿ ಬೆಳೆಯೊಂದಿಗೆ ಹೆಚ್ಚು ಪೈಪೋಟಿ ಮಾಡುವುದಿಲ್ಲ, ದ್ವಿದಳ ಜಾತಿಯದಾದ್ದರಿಂದ ಮಣ್ಣಿಗೆ ಸಾರಜನಕ ಕೊಡುತ್ತದೆ. ಅದರ ಸೊಪ್ಪು, ಕಾಯಿ ಆಡುಕುರಿಗಳಿಗೆ ಬೇಸಿಗೆಯ ಮೇವು. ಕುಷ್ಟಗಿ, ಯಲಬುರ್ಗಾದಂಥ ಮಳೆ ಕಡಿಮೆಯ ನೆಲಕ್ಕೆ ಹೇಳಿ ಮಾಡಿಸಿದ ಮರ. ರಾಜಸ್ಥಾನದಲ್ಲಿ ಇದೇ ‘ಖೇಜಡಿ’. ಅಲ್ಲಿಯ ಖೇಜಡಲಿ ಗ್ರಾಮದಲ್ಲಿ 1730ರಲ್ಲಿ ಈ ಮರಗಳನ್ನು ಅಪ್ಪಿ ನಿಂತು ಅಮೃತಾದೇವಿಯೊಂದಿಗೆ ಬಿಷ್ಣೋಯಿ ಪಂಥದ 363 ಮಂದಿ ಪ್ರಾಣ ಕೊಟ್ಟರು. ಬಿಷ್ಣೋಯಿಗಳಿಗೆ ಹಸಿ ಮರ ಕಡಿಯುವುದೇ ನಿಷಿದ್ಧ.

ಇತ್ತ ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿಯ ಕಡೆ ಹೊಲಗಳು ಭತ್ತದ ಗದ್ದೆಗಳಾದವು. ನೆಲ ಮಟ್ಟಮಾಡುವಾಗ ಬದುವಿನ ಮರ ಉಳಿಯುವುದು ಕಷ್ಟ. ಬನ್ನಿ ಬೆಳೆಯುವುದೂ ನಿಧಾನ; ಮೊದಮೊದಲು ಬೇರು ಇಳಿಯುತ್ತದೆಯೇ ಹೊರತು ಕಾಂಡ ಏಳುವುದಿಲ್ಲ. ತಾನಾಗಿ ಹುಟ್ಟಿದ ಸಸಿಯನ್ನು ನೇಗಿಲಾಗಲಿ ಆಡಾಗಲಿ ಬಿಡಬೇಕಲ್ಲ. ದೇವರ ಮರವೆಂದು ಉಳಿದ ಒಂದೋ ಎರಡೋ ಹಳೆಯ ಬನ್ನಿಗಳ ಮೇಲೆ ಇಡೀ ಊರು, ಪೇಟೆಯಾದರೆ ಹತ್ತಾರು ಓಣಿಗಳ ಜನ ಒಂದೇ ಸಂಜೆ ಬೀಳುತ್ತಾರೆ.

ಮರೆಯಾದ ಬನ್ನಿಯ ಜಾಗಕ್ಕೆ ಅದರದೇ ದೂರದ ನೆಂಟ ಬಂದು ಕುಳಿತಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಬಳ್ಳಾರಿ ಜಾಲಿಯದೂ ಅದೇ ಬಳಗ. ಅದರ ಎಲೆಯೂ ಮೊದಲ ನೋಟಕ್ಕೆ ಬನ್ನಿಯಂತೆಯೇ. ಕೆರೆ, ಹಳ್ಳ, ಬೀಳುಹೊಲಗಳನ್ನೆಲ್ಲ ಅದು ತುಂಬಿದೆ. ಮಾನಮಿಯ ಸಂತೆಯಲ್ಲಿ ಸೊಪ್ಪಿನ ಕಟ್ಟು ಕೊಳ್ಳುವವರಿಗೆ ಗುರುತು ಹಿಡಿಯುವುದು ಕಷ್ಟವೇನಲ್ಲ. ಎಲೆಯನ್ನಲ್ಲ, ಮುಳ್ಳನ್ನು ನೋಡಬೇಕು. ಎಲೆಯ ಬುಡದಲ್ಲಿ ಜೋಡಿಯಾಗಿ ಉದ್ದ ಸೂಜಿಯಂಥ ಮುಳ್ಳುಗಳಿದ್ದರೆ ಅದು ಜಾಲಿ. ಬನ್ನಿಯ ಮುಳ್ಳು ಗಿಡ್ಡ, ಬುಡ ಅಗಲ. ಎಲೆಯ ಬುಡ ಬಿಟ್ಟು ಕಡ್ಡಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಹರಡಿರುತ್ತದೆ.