ಅವಳು ನಿಜಕ್ಕೂ ಬೆನ್ನ ಹಿಂದೆಯೇ ಇದ್ದಳು!

ಒಂದೇ ಒಂದು ಕಾರಿಡಾರು. ನಾಲ್ಕು ಹೆಜ್ಜೆ ನಡೆದರೆ ಬಲಕ್ಕೊಂದು ತಿರುವು, ಕೊನೆಗೊಂದು ಬಾಗಿಲು. ಆ ಬಾಗಿಲು ತೆರೆದರೆ ಆಚೆ ಏನಿದೆ ಗೊತ್ತೆ? ಅದೇ ಕಾರಿಡಾರು! ಅದೇ ಗೋಡೆ, ಅದೇ ಫೋಟೊಗಳು, 11 ಗಂಟೆ 59 ನಿಮಿಷಕ್ಕೆ ನಿಂತುಬಿಟ್ಟ ಅದೇ ಗಡಿಯಾರ. ಗಾಣದೆತ್ತಿನ ಹಾಗೆ ಇಷ್ಟರಲ್ಲೇ ಸುತ್ತಬೇಕು. ಇಷ್ಟನ್ನೇ ಇಟ್ಟುಕೊಂಡು ಒಂದು ಆಟ ವೀಡಿಯೊ ಗೇಮ್ ಲೋಕದ ಘಟಾನುಘಟಿಗಳ ಬೆವರಿಳಿಸಿತಲ್ಲ!

ಆಟದ ಹೆಸರು ‘ಪಿ.ಟಿ.’ 2014ರ ಆಗಸ್ಟ್ 12ರಂದು, ಜರ್ಮನಿಯ ಗೇಮ್ಸ್‌ಕಾಮ್ ಮೇಳದ ಹೊತ್ತಿಗೆ, ಪ್ಲೇಸ್ಟೇಷನ್ 4ಕ್ಕೆ ಪುಕ್ಕಟೆಯಾಗಿ ಬಂತು. ತಯಾರಿಸಿದ್ದು ‘7780ಎಸ್ ಸ್ಟುಡಿಯೊ’ ಅಂತೆ. ಆ ಹೆಸರನ್ನು ಯಾರೂ ಕೇಳಿರಲಿಲ್ಲ. ಆಡಿ ಮುಗಿಸಿದವರಿಗೆ ಗುಟ್ಟು ಬಯಲಾಯಿತು. ಅದು ಸುಳ್ಳು ಹೆಸರು. ಅದರ ಹಿಂದಿದ್ದವರು ‘ಮೆಟಲ್ ಗೇರ್’ ಖ್ಯಾತಿಯ ಹಿಡಿಯೊ ಕೊಜಿಮಾ, ಜೊತೆಗೆ ಸಿನಿಮಾ ನಿರ್ದೇಶಕ ಗಿಯೆರ್ಮೊ ದೆಲ್ ತೊರೊ. ಮುಂದೆ ಬರಲಿದ್ದ ‘ಸೈಲೆಂಟ್ ಹಿಲ್ಸ್’ ಎಂಬ ದೊಡ್ಡ ಆಟಕ್ಕೆ ಇದು ಆಡಬಹುದಾದ ಟೀಸರ್. ಅಂದರೆ ನಾವು ಇಷ್ಟೆಲ್ಲ ಹೆದರಿದ್ದು ಒಂದು ಜಾಹೀರಾತಿಗೆ!

ನೋಡಿದರೆ ಸಾಧಾರಣ ಸಂಸಾರಸ್ಥರ ಮನೆ. ರೇಡಿಯೊ ಮಾತ್ರ ವಾರ್ತೆ ಓದುತ್ತಿರುತ್ತದೆ: ಅಪ್ಪನೊಬ್ಬ ಹೆಂಡತಿ ಮಕ್ಕಳನ್ನು ಕೊಂದಿದ್ದಾನೆ. ನಮ್ಮ ಕೈಯಲ್ಲಿ ಬಂದೂಕಿಲ್ಲ, ಮಚ್ಚಿಲ್ಲ. ನಡೆಯಬಹುದು, ಕಣ್ಣು ಕಿರಿದು ಮಾಡಿ ದಿಟ್ಟಿಸಬಹುದು, ಅಷ್ಟೆ. ಪ್ರತಿ ಸುತ್ತಿನಲ್ಲೂ ಏನೋ ಒಂದು ಬದಲಾಗುತ್ತದೆ. ಒಮ್ಮೆ ಬಚ್ಚಲ ಬಾಗಿಲು ದಬದಬ ಬಡಿದುಕೊಳ್ಳುತ್ತದೆ. ಇನ್ನೊಮ್ಮೆ ಅದು ಓರೆಯಾಗಿ ತೆರೆದಿರುತ್ತದೆ, ಒಳಗೆ ಸಿಂಕಿನಲ್ಲಿ ದಿನ ತುಂಬದ ಕೂಸು. ಮತ್ತೊಂದು ಸುತ್ತಿನಲ್ಲಿ ಸೂರಿನಿಂದ ಫ್ರಿಜ್ಜು ತೂಗಾಡುತ್ತಿದೆ, ಅದರೊಳಗಿಂದ ಮಗುವಿನ ಅಳು!

ಇಲ್ಲಿ ನಿಜವಾದ ಖಳ ಆ ತಿರುವು ಎಂದೇ ನನ್ನ ವಾದ. ಕಾರಿಡಾರು ನೇರವಾಗಿದ್ದಿದ್ದರೆ ಇರುವುದೆಲ್ಲ ಒಂದೇ ನೋಟಕ್ಕೆ ಕಂಡುಬಿಡುತ್ತಿತ್ತು. ತಿರುವು ಅರ್ಧ ಮನೆಯನ್ನು ಸದಾ ಬಚ್ಚಿಡುತ್ತದೆ. ಈ ಮನೆಯ ದೆವ್ವ ಲೀಸಾ ಎದುರಾಗುವುದು ಅಪರೂಪ. ಎದುರಾದೀತೆಂದು ಕಾಲು ಕೀಳಲಾರದೆ ನಿಲ್ಲುವುದೇ ಹೆಚ್ಚು. ಇಷ್ಟು ಕಡಿಮೆ ಖರ್ಚಿನ ಭಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಎದೆ ಝಲ್ಲೆನ್ನಿಸುವ ಸಂಗತಿ ಹೊರಬಿದ್ದದ್ದು ಐದು ವರ್ಷಗಳ ಬಳಿಕ, 2019ರಲ್ಲಿ. ಗೇಮ್‌ಗಳ ಒಳಗನ್ನು ಬಿಚ್ಚಿ ನೋಡುವ ಲ್ಯಾನ್ಸ್ ಮೆಕ್‌ಡೊನಾಲ್ಡ್ ಎಂಬಾತ ಆಟದ ಕ್ಯಾಮೆರಾವನ್ನು ಆಟಗಾರನ ಕಣ್ಣಿನಿಂದ ಬಿಡಿಸಿ ಹಿಂದಕ್ಕೆ ತಿರುಗಿಸಿದ. ಅಲ್ಲಿ ನಿಂತಿದ್ದಳು ಲೀಸಾ! ಕೈಗೆ ಟಾರ್ಚು ಸಿಕ್ಕ ಗಳಿಗೆಯಿಂದ ಆ ದೆವ್ವ ಆಟಗಾರನ ಬೆನ್ನಿಗೇ ಅಂಟಿಕೊಂಡು, ಹೆಜ್ಜೆಗೆ ಹೆಜ್ಜೆ ಹಾಕುತ್ತ ಬರುತ್ತದೆ. ಗೋಡೆಯ ಮೇಲೆ ಆಗಾಗ ಸುಳಿಯುತ್ತಿದ್ದ ನೆರಳು ಅವಳದೇ. ಯಾರೋ ಹಿಂದಿದ್ದಾರೆ ಅನ್ನಿಸುತ್ತದೆ ಎಂದು ಅಷ್ಟು ಮಂದಿ ಹೇಳಿಕೊಂಡಿದ್ದರಲ್ಲ, ಅದು ಬರೀ ಭ್ರಮೆಯಾಗಿರಲಿಲ್ಲ! ಕಾಣದೇ ಹೋಗಬಹುದಾದ ಒಂದು ನೆರಳಿಗಾಗಿ ಇಡೀ ದೆವ್ವವನ್ನೇ ಬೆನ್ನಿಗೆ ಕಟ್ಟಿದ್ದಾರೆ. ಆ ಜಾಣತನಕ್ಕೆ ಏನೆನ್ನಬೇಕು!

ದೊಡ್ಡ ಆಟ ಬರಲೇ ಇಲ್ಲ. 2015ರ ಏಪ್ರಿಲ್‌ನಲ್ಲಿ, ಅದನ್ನು ಹೊರತರಬೇಕಿದ್ದ ಕೊನಾಮಿ ಕಂಪನಿ ‘ಸೈಲೆಂಟ್ ಹಿಲ್ಸ್’ ಕೈಬಿಟ್ಟಿತು, ‘ಪಿ.ಟಿ.’ಯನ್ನೂ ಅಂಗಡಿಯಿಂದ ತೆಗೆಸಿತು. ಆಮೇಲೆ ಅದು ಉಳಿದಿದ್ದ ಹಳೆಯ ಪ್ಲೇಸ್ಟೇಷನ್‌ಗಳೇ ಭಾರಿ ಬೆಲೆಗೆ ಕೈಬದಲಾದವು. 2020ರ ‘ವಿಸೇಜ್’ನಂಥ ಆಟಗಳಲ್ಲಿ ಇದರ ಛಾಯೆ ಎದ್ದು ಕಾಣುತ್ತದೆ.

ಇಂದು ಇದನ್ನು ಆಡುವುದು ಕಷ್ಟ, ಆದರೆ ಆಡಿದವರ ವೀಡಿಯೊಗಳು ಯೂಟ್ಯೂಬಿನಲ್ಲಿ ಧಾರಾಳವಾಗಿವೆ. ದಯವಿಟ್ಟು ನೋಡಿ. ಹೆಡ್‌ಫೋನ್ ಹಾಕಿಕೊಂಡೇ ನೋಡಿ, ಮಕ್ಕಳನ್ನು ಮಾತ್ರ ಹತ್ತಿರ ಕೂರಿಸಿಕೊಳ್ಳಬೇಡಿ.