ಬಕೆಟ್ಟಿನ ಕಾಗದದ ಹೂವಿಗೆ ಲಿಂಬಿ ತೋಟದ ಪಾಠ

ನಮ್ಮೂರು ಸಾಲೋಟಗಿ. ಇಂಡಿ ತಾಲ್ಲೂಕು ಅಂದ್ರ ನಿಂಬೆ. ಮನಿ ಮುಂದ ಹೂವಿನ ಬಳ್ಳಿ ಹಚ್ತೀನಿ ಅಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಬ್ಯಾಸಗ್ಯಾಗ ಲಿಂಬಿ ಗಿಡಕ್ಕ ನೀರ ಸಾಲೂದಿಲ್ಲ. ನಿನ್ನ ಹೂವಿಗೆ ಎಲ್ಲಿಂದ ತರ್ತೀಯೋ ತಮ್ಮಾ?"

ಆದರೂ 20 ಲೀಟರಿನ ಹಳೆ ಪೇಂಟ್ ಬಕೆಟ್ಟಿನಲ್ಲಿ ಕಾಗದದ ಹೂವು (ಬೋಗನ್‌ವಿಲ್ಲಾ) ಹಚ್ಚಿದೆ. ದಿನಾ ನೀರು, ಹೊಲಕ್ಕೆ ತಂದ ಯೂರಿಯಾದಾಗ ಒಂದಿಷ್ಟು. ಎರಡು ವರ್ಷದಲ್ಲಿ ಬಳ್ಳಿ ತಗಡಿನ ಶೆಡ್ ಏರಿತು. ಬರೀ ಎಲೆ, ಮುಳ್ಳು. ಹೂವಿಲ್ಲ.

ನಿಂಬೆಗೆ ಬಹಾರ ಹಿಡಿಯುವಾಗ ನಾವು ಏನು ಮಾಡ್ತೀವಿ? ನೀರು ಬಂದ್ ಮಾಡಿ ಗಿಡ ಬಾಡಿಸ್ತೀವಿ, ಆಮೇಲೆ ನೀರು ಕೊಡ್ತೀವಿ, ಹೂ ಬರ್ತದ. ಕಾಗದದ ಹೂವಿನ ಸ್ವಭಾವವೂ ಹಂಗೇ. ಅದಕ್ಕ ಫೆಬ್ರವರಿಯಲ್ಲಿ ನೀರು ನಿಲ್ಲಿಸಿದೆ. ಹದಿನೈದು ದಿನ ಆದರೂ ಒಂದು ಎಲೆ ಜೋಲಲಿಲ್ಲ. ಬಕೆಟ್ ಎತ್ತಾಕ ಹೋದ್ರ ಏಳಲೇ ಇಲ್ಲ! ತಳದ ತೂತಿನಿಂದ ಹೆಬ್ಬೆರಳು ದಪ್ಪದ ಬೇರು ನೆಲಕ್ಕಿಳಿದು, ಬಚ್ಚಲ ನೀರು ಕುಡೀತಿತ್ತು.

ಬೇರು ಗರಗಸದಿಂದ ಕೊಯ್ದೆ, ಟೊಂಗೆಗಳನ್ನೂ ಮೂರನೇ ಒಂದು ಪಾಲು ಕತ್ತರಿಸಿ, ಒಂದು ವಾರ ನೆರಳಿಗಿಟ್ಟೆ. ಎಲೆ ಉದುರಿದವು. "ಕೊಂದಿ ನೋಡು" ಅಂದ್ಳು ಅವ್ವ. ನನಗೂ ಅಂಜಿಕಿ ಬಂತು. ಚಿಗುರು ಕಂಡ ಮೇಲೆ ಬಿಸಿಲಿಗೆ ತಂದು, ಮಣ್ಣು ಒಣಗಿದಾಗಷ್ಟೇ ನೀರು ಕೊಟ್ಟೆ. ಮುಂದೆ ಬಂದ ಹೊಸ ಟೊಂಗೆಯ ತುಂಬ ಬಣ್ಣ! ಅಂದಹಾಗೆ ಆ ಬಣ್ಣದ್ದು ಹೂವಲ್ಲ, ಹೂವಿನ ಸುತ್ತ ಇರುವ ಎಲೆ. ನಡುವಿನ ಸಣ್ಣ ಬಿಳಿ ಕೊಳವೆಯೇ ನಿಜವಾದ ಹೂವು.

ನಾನು ಈಗ ಮಾಡೋದು ಇಷ್ಟು:

• ಮಣ್ಣು: ಬರೀ ಎರಿ ಮಣ್ಣು ಬ್ಯಾಡ, ನೀರು ಹಿಡೀತದ, ಒಣಗಿದ್ರ ಬಿರೀತದ. ಮಸಾರಿ ಮಣ್ಣು, ಉಸುಕು, ಕಳಿತ ತಿಪ್ಪೆಗೊಬ್ಬರ ಸಮ ಪಾಲು.
• ತಳ: ಬೆರಳು ದಪ್ಪದ ಐದಾರು ತೂತು. ಬಕೆಟ್ ಎರಡು ಇಟ್ಟಂಗಿ ಮ್ಯಾಲೆ ಇಡಿ, ತಿಂಗಳಿಗೊಮ್ಮೆ ಸರಿಸಿ.
• ನೀರು: ಮೇಲಿನ ಎರಡು ಇಂಚು ಒಣಗಿದ ಮೇಲೆ, ತಳದಿಂದ ಹರಿಯೋವರೆಗೆ ಕೊಡಿ. ಮತ್ತೆ ಒಣಗೋವರೆಗೆ ಮುಟ್ಟಬೇಡಿ.
• ಗೊಬ್ಬರ: ಯೂರಿಯಾ ಬಿಡಿ. ಅದು ಎಲೆ ಬೆಳಸ್ತದ.
• ಕತ್ತರಿ: ಹೂ ಬರೋದು ಹೊಸ ಟೊಂಗೆಗೆ. ಒಂದು ಸುತ್ತು ಹೂ ಮುಗಿದ ಕೂಡಲೇ ಕತ್ತರಿಸಿ.
• ಬಿಸಿಲು: ದಿನಕ್ಕೆ ಐದಾರು ತಾಸು ಬೇಕೇ ಬೇಕು.

ಈ ಬಾಡಿಸುವ ಲೆಕ್ಕ ಎಲ್ಲ ಬಳ್ಳಿಗೂ ನಡೆಯಲ್ಲ. ಸಂಜೆ ಬಿಳಿಯಾಗಿ ಅರಳಿ ಆಮೇಲೆ ಕೆಂಪಾಗುವ ಮಧುಮಾಲತಿಗೆ ನೀರು ಜಾಸ್ತಿ, ಡ್ರಮ್ಮೂ ದೊಡ್ಡದು ಬೇಕು. ಹಸಿ ಮಣ್ಣು ತುಂಬಿದ 100 ಲೀಟರಿನ ಅರ್ಧ ಡ್ರಮ್ ಒಂದೂವರೆ ಕ್ವಿಂಟಲ್ ತೂಗಬಹುದು. ಹಳೆ ಮಾಳಗಿ ಮ್ಯಾಲೆ ಇಡಬ್ಯಾಡ್ರಿ.

ಈ ವಾರ ನಿಮ್ಮ ಕುಂಡ ಒಮ್ಮೆ ಎತ್ತಿ ನೋಡ್ರಿ. ಏಳದಿದ್ರ ಬೇರು ನೆಲಕ್ಕಿಳಿದಿರಬಹುದು. ಮೊದಲು ಅದನ್ನ ಬಿಡಿಸ್ರಿ, ನೀರಿನ ಲೆಕ್ಕ ಆಮೇಲೆ.